ತಲೆ ಎಡಕ್ಕೆ

“ಅತ್ತೆ, ಪ್ರವಾದಿಗಳು ತಲೆಕೆಳಗಾಗಿ ನಿಂತಿದ್ದಾರೆ,” ಎಂದಳು ಸೊಸೆ, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು.

ದಾರದಮ್ಮ ತಲೆ ಎತ್ತಲಿಲ್ಲ. ಮಡಿಲಲ್ಲಿ ಯಾರದೋ ನಿಘಂಟು ಬೋರಲಾಗಿ ಮಲಗಿತ್ತು. ಹಲ್ಲಿನ ನಡುವೆ ದಾರವಿತ್ತು. ಆ ದಾರವನ್ನು ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದು, ಸೂಜಿಗೆ ಪೋಣಿಸಿಕೊಂಡು, ಆಮೇಲೆ ಕೇಳಿದಳು: “ಯಾವ ಪ್ರವಾದಿ? ಎಲ್ಲಿ?”

“ಚರ್ಚಲ್ಲಿ. ದೊಡ್ಡ ಪುಸ್ತಕದಲ್ಲಿ. ಭಾನುವಾರದ ಪಾಠ ಒಂದು ಸಲ ಓದಿ ನೋಡೋಣ ಅಂತ ಡ್ಯೂಟಿ ಮುಗಿಸಿ ಹೋಗಿದ್ದೆ. ಎಡಗಡೆ ಪುಟದ ಕೊನೇಲಿ ಹುಲ್ಲು ಒಣಗ್ತದೆ, ಹೂವು ಬಾಡ್ತದೆ ಅಂತ ಇದೆ. ಬಲಗಡೆಗೆ ಬಂದ್ರೆ ಅಕ್ಷರ ಎಲ್ಲಾ ಕಾಲು ಮೇಲೆ ಮಾಡ್ಕೊಂಡಿವೆ. ನನ್ನ ಕಣ್ಣೇ ಸರಿಯಿಲ್ವೇನೋ ಅಂತ ಎಣಿಸ್ತಾ ಹೋದೆ. ಹದಿನಾರು ಪುಟ. ಅದಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ನೆಟ್ಟಗೆ.”

ಸೂಜಿ ನಿಂತಿತು. ಹದಿನಾರು ಎಂದರೆ ಏನೆಂಬುದು ದಾರದಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹದಿನಾರು ಪುಟಗಳ ಒಂದು ಮಡಿಕೆಗೆ ಕಸುಬಿನವರು ಫಾರಂ ಎನ್ನುತ್ತಾರೆ. ಇಂಥ ಫಾರಂಗಳನ್ನು ಒಂದರ ಮೇಲೊಂದಿಟ್ಟು, ಒಂದಕ್ಕೊಂದು ಹೊಲಿದರೆ ಪುಸ್ತಕ. ಪುಟವೊಂದು ಹರಿದರೆ ಅದು ಓದಿದವರ ತಪ್ಪು. ಪುಟ ಮಾಸಿದರೆ ಕಾಲದ ತಪ್ಪು. ಹದಿನಾರಕ್ಕೆ ಹದಿನಾರೂ ತಲೆಕೆಳಗಾಗಿದ್ದರೆ ಅದು ಹೊಲಿದವರದು. ಬೇರೆ ಯಾರ ತಲೆಗೂ ಕಟ್ಟಲು ಬರುವುದಿಲ್ಲ.

ಆ ಪುಸ್ತಕವನ್ನು ಹೊಲಿದವಳು ದಾರದಮ್ಮ.

ಆಕೆಯ ನಿಜವಾದ ಹೆಸರನ್ನು ಆ ಬೀದಿ ಮರೆತು ಬಹಳ ಕಾಲವಾಗಿತ್ತು. ಹೊಲಿಯಲು ಬರುವಲ್ಲಿ ಅಂಟು ಹಚ್ಚಿದವಳಲ್ಲ ಎಂಬುದಕ್ಕೆ ಬಂದ ಹೆಸರು ಅದು. ‘ಅಂಟಿದ್ದು ಬಿಡ್ತದೆ, ಹೊಲಿದದ್ದು ನಿಲ್ತದೆ’ ಎಂಬುದು ಆಕೆಯ ತಂದೆಯ ಮಾತು. ಅಂಗಡಿಯೊಂದಿಗೆ ಅದೂ ಆಕೆಗೆ ಬಂದಿತ್ತು. ಶಾಲೆಯ ಭೂಪಟಗಳು, ಆಸ್ಪತ್ರೆಯ ರಿಜಿಸ್ಟರುಗಳು, ವಕೀಲರ ದಪ್ಪ ಕಡತಗಳು ಎಲ್ಲವೂ ಆ ಮೂರು ಮೆಟ್ಟಿಲು ಹತ್ತಿ ಹರಿದು ಬಂದು, ಮೂರು ಮೆಟ್ಟಿಲು ಇಳಿದು ಗಟ್ಟಿಯಾಗಿ ಹೋಗುತ್ತಿದ್ದವು. ಆದರೆ ‘ನನ್ನ ಕೆಲಸ’ ಎಂದು ಆಕೆ ಬಾಯಿಬಿಟ್ಟು ಹೇಳುತ್ತಿದ್ದುದು ಒಂದನ್ನೇ: ಚರ್ಚಿನ ಪೀಠದ ಮೇಲಿದ್ದ ದೊಡ್ಡ ಸತ್ಯವೇದವನ್ನು, ಅಂದರೆ ಬೈಬಲನ್ನು.

ಹನ್ನೆರಡು ವರ್ಷಗಳ ಹಿಂದೆ ಮಾಡು ಸೋರಿ ಆ ಗ್ರಂಥದ ಬೆನ್ನು ಕೊಳೆತಾಗ, ಪಕ್ಕದ ಬೀದಿಯ ಬೈಂಡರು, ಆಕೆ ‘ಅಂಟಣ್ಣ’ ಎಂದೇ ಕರೆಯುತ್ತಿದ್ದವನು, ಇದು ಬದುಕುವ ಪುಸ್ತಕವಲ್ಲ, ಹೊಸದನ್ನೇ ತರಿಸಿ ಎಂದು ತೀರ್ಪು ಕೊಟ್ಟಿದ್ದ. ದಾರದಮ್ಮ ಸಭೆಯ ನಡುವೆ ಎದ್ದು ನಿಂತು, “ನನಗೆ ಕೊಡಿ. ನನ್ನ ಕೈ ಬಿದ್ದ ಮೇಲೆ ನೂರು ವರ್ಷ ಇದನ್ನ ಯಾರೂ ಬಿಚ್ಚಬೇಕಾಗಿಲ್ಲ,” ಎಂದಿದ್ದಳು. ಆ ಮಾತಿಗೂ ಪುಸ್ತಕಕ್ಕೂ ಅಂದಿನಿಂದ ಆಕೆ ಕಾವಲಿದ್ದಳು. ಭಾನುವಾರ ಕೂರುತ್ತಿದ್ದುದು ಮೂರನೆಯ ಸಾಲಿನ ತುದಿಯಲ್ಲಿ. ಓದು ಮುಗಿಸಿ ಪುಸ್ತಕ ಮುಚ್ಚಿದಾಗ ಬೆನ್ನಿನ ಮೇಲೆ ಹೊಲಿಗೆಯ ಹಗ್ಗಗಳು ಉಬ್ಬಿಸಿದ ಐದು ಏಣುಗಳು ಕಾಣುತ್ತಿದ್ದುದು ಅಲ್ಲಿಂದಲೇ. ಪ್ರಾರ್ಥನೆಯಲ್ಲಿ ಎಲ್ಲರೂ ಎರಡು ಕಣ್ಣು ಮುಚ್ಚಿದರೆ ಆಕೆ ಒಂದೂವರೆ ಮುಚ್ಚುತ್ತಿದ್ದಳು.

“ಚಪ್ಪಲಿ ಬಿಡಬೇಡ,” ಎಂದಳು ಸೊಸೆಗೆ. “ನಡಿ.”

ಚರ್ಚಿನೊಳಗೆ ಮಧ್ಯಾಹ್ನದ ಬಿಸಿಲು ಕಿಟಕಿಗಳಿಂದ ಓರೆಯಾಗಿ ಬಿದ್ದಿತ್ತು. ಬರುವ ಭಾನುವಾರಕ್ಕೆ ಆ ಚರ್ಚಿನ ಸಭೆ ಹುಟ್ಟಿ ಎಪ್ಪತ್ತೈದು ವರ್ಷ. ಅದಕ್ಕಾಗಿ ಬೆಂಚುಗಳಿಗೆಲ್ಲ ಹೊಸ ವಾರ್ನಿಷ್ ಬಳಿದಿದ್ದರು. ವಾಸನೆ ಇನ್ನೂ ಹೋಗಿರಲಿಲ್ಲ. ಪೀಠದ ಕೆಳಗೆ, ಕಾಗದದಲ್ಲಿ ಸುತ್ತಿಟ್ಟ ಹಿತ್ತಾಳೆಯ ಫಲಕವೊಂದು ಗೋಡೆಗೊರಗಿತ್ತು. ಅದರ ಮೇಲೇನು ಕೆತ್ತಿದ್ದಾರೆಂಬುದು ದಾರದಮ್ಮನಿಗೆ ಗೊತ್ತಿರಬಾರದಾಗಿತ್ತು. ಆದರೆ ಕೆತ್ತಿದವನು ಅಂಗಡಿಗೆ ಬಂದು ಆಕೆಯ ಹೆಸರಿನ ಕಾಗುಣಿತ ಕೇಳಿಕೊಂಡು ಹೋಗಿದ್ದ.

ಪುಸ್ತಕ ತೆರೆದೇ ಇತ್ತು. ಸೊಸೆ ಹೇಳಿದ್ದು ಒಂದಕ್ಷರವೂ ಹೆಚ್ಚಲ್ಲ. ದಾರದಮ್ಮ ಮಡಿಕೆಯ ನಡುವಿನ ಎರಡು ಪುಟಗಳನ್ನು ಬಿಡಿಸಿ ಹೊಲಿಗೆಯನ್ನು ನೋಡಿದಳು. ಒಂದು ಎಳೆಯೂ ಸಡಿಲಾಗಿರಲಿಲ್ಲ. ಗಂಟು ಗಂಟಾಗಿಯೇ ಇತ್ತು. ಹನ್ನೆರಡು ವರ್ಷ ಅಲುಗದೆ ನಿಲ್ಲುವ ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಹೊಲಿಯಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ.

“ನಲವತ್ನಾಲ್ಕು,” ಎಂದಳು ಮೆಲ್ಲಗೆ. “ನಲವತ್ನಾಲ್ಕನೆಯ ಫಾರಂ.”

ಅದು ಹೇಗಾಯಿತೆಂಬುದು ಆಕೆಗೆ ಅಲ್ಲೇ ಹೊಳೆಯಿತು. ದೊಡ್ಡ ಪುಸ್ತಕ ಹೊಲಿಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಕೂಗಬೇಕು, ಒಬ್ಬರು ಹೊಲಿಯಬೇಕು. ಕೂಗುವವರು ಮಡಿಕೆಯನ್ನು ತೆರೆದು, ಅಡಿಯಲ್ಲಿ ಅಚ್ಚಾದ ಸಂಖ್ಯೆ ನೋಡಿ, ಅಕ್ಷರ ನೆಟ್ಟಗಿದೆಯೇ ನೋಡಿ, ‘ಇಷ್ಟನೆಯದು, ತಲೆ ಎಡಕ್ಕೆ’ ಎಂದು ಕೈಗೆ ಕೊಡಬೇಕು. ಹೊಲಿಯುವವರು ‘ಬಂತು’ ಎನ್ನಬೇಕು. ಹೊಲಿಯುವವರ ಕಣ್ಣಿಗೆ ಕಾಣುವುದು ಮಡಿಕೆಯ ಬೆನ್ನೊಂದೇ. ಬೆನ್ನಿಗೆ ತಲೆ ಯಾವುದು, ಕಾಲು ಯಾವುದು? ಇಪ್ಪತ್ತೆಂಟು ವರ್ಷ ಆ ಅಂಗಡಿಯಲ್ಲಿ ಕೂಗಿದವನು ಆಕೆಯ ಗಂಡ. ದೊಡ್ಡ ಸತ್ಯವೇದ ಮನೆಗೆ ಬಂದ ಮೂರನೆಯ ವಾರಕ್ಕೆ ಅವನು ತೀರಿಕೊಂಡ. ಕೂಗಲು ನಾವು ಬರುತ್ತೇವೆ ಎಂದು ಇಬ್ಬರು ಮೂವರು ಬಂದಿದ್ದರು. ಆ ಕೂಗನ್ನು ಇನ್ನೊಬ್ಬರ ಬಾಯಿಗೆ ಕೊಡಲು ಆಕೆಗೆ ಮನಸ್ಸಾಗಲಿಲ್ಲ. ‘ತಲೆ ಎಡಕ್ಕೆ’ ಎಂದವಳೂ ತಾನೇ, ‘ಬಂತು’ ಎಂದವಳೂ ತಾನೇ. ಹೊಲಿದ ಮೇಲೆ ತಿರುವಿ ನೋಡಿರಲಿಲ್ಲ. ತಿರುವಿ ನೋಡುವವರು ತಮ್ಮ ಕೈಯನ್ನೇ ನಂಬದವರು ಎಂದು ನಗುತ್ತಿದ್ದವಳು ಆಕೆ.

ಸೊಸೆ ಸಿಟಿ ಬಸ್ಸಿನ ಕಂಡಕ್ಟರು. ದಿನಕ್ಕೆ ಹತ್ತು ಜಗಳ ಬಿಡಿಸುವವಳು. ಆಕೆಗೆ ದಾರಿ ಹುಡುಕುವುದು ಬೇಗ. “ಅತ್ತೆ, ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ಕೋಬೇಡಿ. ಅದೊಂದನ್ನ ಕತ್ತರಿಸಿ ತೆಗೆದು, ನೆಟ್ಟಗೆ ಮಾಡಿ ಅಂಟಿಸಿಬಿಡಿ. ಎರಡು ತಾಸಿನ ಕೆಲಸ. ಪೀಠದ ಬೀಗದ ಕೈ ನನ್ನ ಹತ್ರಾನೇ ಇದೆ. ಭಾನುವಾರ ಫಲಕಕ್ಕೆ ಮೊಳೆ ಹೊಡೀತಾರೆ, ನೀವು ಹೋಗಿ ನಿಲ್ತೀರಿ, ನಾನು ಓದ್ತೀನಿ. ನನಗೆ ಗೊತ್ತು, ನಿಮಗೆ ಗೊತ್ತು, ದೇವರಿಗೆ ಗೊತ್ತು.”

“ಮೂರು ಜನ ಆಯ್ತಲ್ಲ,” ಎಂದಳು ದಾರದಮ್ಮ. “ಗುಟ್ಟು ಉಳಿಯೋದಕ್ಕೆ ಒಬ್ಬರು ಜಾಸ್ತಿ.”

ಆಮೇಲೆ, ಪುಟದ ಮೇಲಿಟ್ಟ ಕೈ ತೆಗೆಯದೆಯೇ, ಆಕೆ ಇನ್ನೊಂದನ್ನು ಲೆಕ್ಕ ಹಾಕಿದಳು. ಈ ಪುಟಗಳು ಮೂಲೆಯ ಪುಟಗಳಲ್ಲ. ಸಂತೈಸುವ ಮಾತುಗಳೆಲ್ಲ ಇರುವುದು ಇಲ್ಲೇ. ವರ್ಷಕ್ಕೆ ಆರೇಳು ಸಲವಾದರೂ ಇವನ್ನು ಓದುವುದನ್ನು ಆಕೆಯೇ ಕೇಳಿದ್ದಳು. ಚರ್ಚಿನ ಪಾದ್ರಿ ಅಯ್ಯನವರು ಪ್ರಸಂಗಕ್ಕೆ ತಮ್ಮದೇ ಚಿಕ್ಕ ಪುಸ್ತಕ ತರುತ್ತಾರೆ. ಪೀಠದ ಗ್ರಂಥವನ್ನು ತೆರೆಯುವವರು, ಓದುವವರು, ಮುಚ್ಚಿ ಬೀಗ ಹಾಕುವವರು ಹೋದ ತಿಂಗಳವರೆಗೂ ಒಬ್ಬರೇ, ವಾಚಕ ಮೇಷ್ಟರು. ಅವರು ಒಮ್ಮೆಯೂ ತಡವರಿಸಿದ್ದಿಲ್ಲ.

“ಮೂರಲ್ಲ ಕಣೇ,” ಎಂದಳು. “ನಾಲ್ಕು.”

ಮೇಷ್ಟರ ಮನೆ ಚರ್ಚಿನ ಹಿಂದೆ, ಎರಡನೆಯ ಮಹಡಿಯಲ್ಲಿ. ಎಂಬತ್ತೊಂದರ ಮುದುಕ. ದಾರದಮ್ಮನಿಗೆ ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿಸಿದವರು. ನಲವತ್ತು ವರ್ಷ ಸಭೆಯ ವಾಚಕರಾಗಿದ್ದು, ಕಣ್ಣು ಪೂರ್ತಿ ಹೋದುದರಿಂದ ಹಿಂದಿನ ತಿಂಗಳಷ್ಟೇ ಬೀಗದ ಕೈಯನ್ನು ಅಯ್ಯನವರಿಗೆ ಒಪ್ಪಿಸಿದ್ದರು. ಮೆಟ್ಟಿಲಿನ ಸದ್ದಿಗೇ, “ಬಾ ಮಗಳೇ,” ಎಂದರು. “ಇನ್ನೂ ಎರಡು ದಿನ ಆಗಬಹುದು ಅಂದ್ಕೊಂಡಿದ್ದೆ. ನಿನ್ನ ಸೊಸೆ ಚುರುಕು.”

ದಾರದಮ್ಮ ಕುರ್ಚಿ ಎಳೆದುಕೊಳ್ಳಲಿಲ್ಲ. “ಯಾವಾಗಿನಿಂದ ಗೊತ್ತು ನಿಮಗೆ?”

“ಮೊದಲನೇ ವರ್ಷ, ಡಿಸೆಂಬರಿನ ಎರಡನೇ ಭಾನುವಾರದಿಂದ. ಎಡಗಡೆ ಓದಿ ಮುಗಿಸಿದೆ, ಬಲಗಡೆ ನೋಡಿದೆ. ಉಸಿರು ಎಳ್ಕೊಳ್ಳೋವಷ್ಟು ಹೊತ್ತು. ಆ ಅಧ್ಯಾಯ ಸ್ವಲ್ಪ ಬಾಯಿಗೆ ಬರ್ತಿತ್ತು. ಹೇಳಿಬಿಟ್ಟೆ.”

“ಆಮೇಲೆ?”

“ಆಮೇಲೆ ಏನು? ಮಿಕ್ಕದ್ದನ್ನ ಬಾಯಿಪಾಠ ಮಾಡಿದೆ. ಹದಿನಾರು ಪುಟ. ಒಂದು ವರ್ಷ ಹಿಡೀತು. ಅರವತ್ತೊಂಬತ್ತರ ವಯಸ್ಸಿನಲ್ಲಿ, ಹೆಂಡತಿ ಕೈಗೆ ಪುಸ್ತಕ ಕೊಟ್ಟು ಒಪ್ಪಿಸ್ತಿದ್ದೆ. ತಪ್ಪಿದ್ರೆ ಆಕೆ ಸೌಟು ಕುಟ್ಟೋಳು. ಪುಟ ಎಲ್ಲಿ ಮುಗೀತದೆ ಅನ್ನೋದನ್ನೂ ಕಲಿತೆ. ಸರಿಯಾದ ಜಾಗದಲ್ಲಿ ಪುಟ ತಿರುವಬೇಕಲ್ಲ, ಇಲ್ಲದಿದ್ರೆ ನಿನ್ನಂಥ ಗಿಡುಗಗಳು ಮೂರನೇ ಸಾಲಿನಲ್ಲಿ ಕೂತಿರ್ತಾವೆ.”

ಮೇಷ್ಟರು ನಕ್ಕರು. ದಾರದಮ್ಮ ನಗಲಿಲ್ಲ.

“ಹನ್ನೆರಡು ವರ್ಷ ನನ್ನನ್ನ ಬೆಪ್ಪು ಮಾಡಿದ್ರಿ ನೀವು. ಊರಿಗೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದೆ. ಅಂಟಣ್ಣನ್ನ ಎದುರಿಗೇ ಆಡಿಕೊಂಡೆ. ಒಂದು ಮಾತು ಹೇಳಿದ್ರೆ ಆವತ್ತೇ ಬಿಚ್ಚಿ ಹೊಲೀತಿದ್ದೆ!”

“ಆವತ್ತು ನಿನ್ನ ಗಂಡ ಹೋಗಿ ಮೂರು ತಿಂಗಳು. ಆ ಬೆಂಚಿನ ಮೇಲೆ ನೀನು ನೆಟ್ಟಗೆ ಕೂತಿದ್ದೆ. ನಿನ್ನನ್ನ ನೆಟ್ಟಗೆ ಕೂರಿಸಿದ್ದು ಆ ಪುಸ್ತಕ ಒಂದೇ. ಅದನ್ನ ಹೇಗೆ ಎಳೀಲಿ? ಮುಂದಿನ ವಾರ ಹೇಳೋಣ ಅಂದ್ಕೊಂಡೆ.”

“ಮುಂದಿನ ವಾರಕ್ಕೆ ಹನ್ನೆರಡು ವರ್ಷ ಆಯ್ತು.”

“ಆಯ್ತು. ಅದು ನನ್ನ ತಪ್ಪೇ.” ಅವರು ಮಂಡಿಯ ಮೇಲಿನ ಟವಲನ್ನು ಮಡಚಿದರು, ಬಿಚ್ಚಿದರು. “ಪೂರಾ ನಿನಗೋಸ್ಕರ ಅಂತಾನೂ ಹೇಳಲಾರೆ. ಅದಕ್ಕೂ ಮುಂಚೆ ಇಪ್ಪತ್ತೆಂಟು ವರ್ಷ ಓದಿದ್ದೆನಲ್ಲ, ರೈಲಿನ ವೇಳಾಪಟ್ಟಿ ಓದಿದ ಹಾಗೆ ಓದಿದ್ದೆ. ಇದು ಮಾತ್ರ ಒಳಗೆ ಬಂದು ಕೂತ್ಕೊಂಡಿತು. ನನ್ನಾಕೆ ಹೋದ ದಿನ ಬೇರೆ ಏನೂ ಇರಲಿಲ್ಲ ನನ್ನ ಹತ್ರ, ಈ ಹದಿನಾರು ಪುಟ ಇತ್ತು. ನಿನಗೆ ಹೇಳಿದ್ರೆ ನೀನು ಸರಿ ಮಾಡಿಬಿಡ್ತೀಯ, ಆಮೇಲೆ ಇದು ನನ್ನದಾಗಿ ಉಳಿಯಲ್ಲ ಅನ್ನೋ ಆಸೆಬುರುಕತನವೂ ಇತ್ತು ಅನ್ನು.”

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಹೊಡೆದರು. ದಾರದಮ್ಮ ಕುರ್ಚಿ ಎಳೆದುಕೊಂಡಳು.

“ನನ್ನ ಸೊಸೆ ಕೈಗೆ ಓದೋಕೆ ಕೊಡಿ ಅಂತ ಅಯ್ಯನೋರಿಗೆ ಹೇಳಿದ್ದು?”

“ನಾನೇ. ಕಣ್ಣು ಹೋದ ಮೇಲೆ ಇನ್ನು ಯಾರಾದರೂ ನೋಡಲೇಬೇಕು. ನೋಡುವುದು ಮನೆಯವಳೇ ಆಗಲಿ ಅಂತ.” ಆಕೆಯ ದನಿಯತ್ತ ಮುಖ ತಿರುಗಿಸಿ ಕೇಳಿದರು: “ಏನು ಮಾಡ್ತೀಯ?”

“ಸೊಸೆ ಅಂಟಿಸಿ ಅಂತಾಳೆ.”

“ನೀನು?”

ಚಿಕ್ಕಂದಿನಲ್ಲಿ ಇದೇ ಮೇಷ್ಟರ ಭಾನುವಾರದ ಶಾಲೆಯಲ್ಲಿ ಕಲಿತದ್ದೊಂದು ದಾರದಮ್ಮನ ನಾಲಿಗೆಯ ತುದಿಗೆ ಬಂದಿತ್ತು: ತಪ್ಪನ್ನು ಮುಚ್ಚಿಟ್ಟವನಿಗೆ ಏಳಿಗೆಯಿಲ್ಲ, ಒಪ್ಪಿಕೊಂಡು ಬಿಟ್ಟವನಿಗೆ ಕರುಣೆಯುಂಟು. ಆ ಮಾತನ್ನು ಹತ್ತು ವರ್ಷದವಳಿದ್ದಾಗ ಪೆನ್ಸಿಲಿನ ಬಹುಮಾನಕ್ಕೆ ಒಪ್ಪಿಸಿದ್ದಳು. ಅದು ಎಷ್ಟನೆಯ ಫಾರಂನಲ್ಲಿ ಬರುತ್ತದೆಂಬುದು ಕೇಳಿದರೆ ಈಗಲೂ ಹೇಳಬಲ್ಲಳು. ಅದನ್ನು ನಂಬಿ ಕಾಲಿಟ್ಟು ನೋಡಬೇಕಾಗಿ ಬಂದಿರಲಿಲ್ಲ, ಅಷ್ಟೇ.

“ನೂರು ವರ್ಷ ಯಾರೂ ಬಿಚ್ಚಬೇಕಾಗಿಲ್ಲ ಅಂದಿದ್ದೆ,” ಎಂದಳು ಏಳುತ್ತಾ. “ಬಿಚ್ಚೋಳು ನಾನೇ ಆದ್ರೆ ಆ ಮಾತೇನೂ ಪೂರ್ತಿ ಸುಳ್ಳಾಗಲ್ಲ.”

ಅಯ್ಯನವರು ಚಿಕ್ಕ ವಯಸ್ಸಿನವರು. ಈ ಸಭೆಗೆ ಬಂದು ಎರಡು ವರ್ಷ. ಸುದ್ದಿ ಕೇಳಿ ಅವರ ಕೈಯಲ್ಲಿದ್ದ ಆಮಂತ್ರಣಪತ್ರಗಳ ಕಟ್ಟು ಮೇಜಿನ ಮೇಲೆ ಕೂತಿತು. “ಅಮ್ಮ, ಭಾನುವಾರ ಹೊರಗಿನಿಂದ ಮೂರು ಸಭೆಯವರು ಬರ್ತಿದ್ದಾರೆ. ಹಬ್ಬ ಆಗಲಿ. ಸೋಮವಾರ ಬಿಚ್ಚಿ. ನಾನೇ ತಂದುಕೊಡ್ತೀನಿ. ಯಾರಿಗೂ ಗೊತ್ತಾಗಬೇಕಾಗಿಲ್ಲ.”

“ಅಯ್ಯನೋರೇ, ಭಾನುವಾರ ನನ್ನ ಹೆಸರಿಗೆ ನಾಲ್ಕು ಮೊಳೆ ಹೊಡೀತೀರಿ. ಸೋಮವಾರ ನಾನು ಆ ಹೆಸರಿನ ಕೆಳಗಿಂದ ಪುಸ್ತಕ ಕದ್ದುಕೊಂಡು ಹೋಗಬೇಕಾ? ಪುಸ್ತಕ ಇವತ್ತೇ ಕೊಡಿ. ಭಾನುವಾರ ಪೀಠದ ಮೇಲೆ ಇರ್ತದೆ. ರಟ್ಟು ಇರಲ್ಲ, ತೊಗಲು ಇರಲ್ಲ. ಅದಕ್ಕೆಲ್ಲ ವಾರ ಬೇಕು. ಆದ್ರೆ ಪುಟ ಎಲ್ಲಾ ನೆಟ್ಟಗೆ ಇರ್ತವೆ.”

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ. ತನ್ನದೇ ಗಂಟುಗಳನ್ನು ಚೂರಿಯ ಮೊನೆಯಿಂದ ಒಂದೊಂದಾಗಿ ಕೊಯ್ಯುವಾಗ, ಗಟ್ಟಿಯಾಗಿ ಹಾಕಿದವಳಿಗೆ ದಾರದಮ್ಮ ಒಂದೆರಡು ಸಲ ಬೈದುಕೊಂಡಳು. ಬುಧವಾರ ಪೂರ್ತಿ ಅದಕ್ಕೇ ಹೋಯಿತು. ಗುರುವಾರ ಬೆನ್ನಿಗೆ ಹಚ್ಚಿದ್ದ ಹಳೆಯ ಹಿಟ್ಟಿನ ಗೋಂದು ಕೆರೆದು, ಸವೆದ ಮಡಿಕೆಗಳಿಗೆ ತೆಳುಕಾಗದದ ಪಟ್ಟಿ ಕೊಟ್ಟು ಒಣಗಿಸಿದಳು. ಶುಕ್ರವಾರ ಬೆಳಿಗ್ಗೆ ಸೊಸೆ ರಜೆ ಹಾಕಿ ಬಂದು ಹೊಲಿಗೆಯ ಚೌಕಟ್ಟಿನ ಎದುರು ಕುಳಿತಳು. ಮೇಷ್ಟರನ್ನು ದಾರದಮ್ಮನ ಮಗ ಕೈಹಿಡಿದು ಕರೆತಂದು ಕಿಟಕಿಯ ಬಳಿ ಕೂರಿಸಿ ತನ್ನ ಕೆಲಸಕ್ಕೆ ಹೋದ.

“ನೀವು ಯಾಕೆ ಬಂದ್ರಿ?” ಎಂದಳು ದಾರದಮ್ಮ.

“ಕಾಣದವನಿಗೆ ಬೇರೆ ಕೆಲಸ ಏನಿದೆ? ನೋಡೋಕೆ ಬಂದೆ.”

ಸೊಸೆ ಮೊದಲ ಮಡಿಕೆಯನ್ನು ಎತ್ತಿಕೊಂಡಳು. ಕೂಗು ಹೇಗಿರಬೇಕೆಂದು ಅತ್ತೆ ಎರಡು ಸಲ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟದ್ದು ಗಂಡ ಕೂಗುತ್ತಿದ್ದ ರಾಗದಲ್ಲೇ.

“ಒಂದೂ! ತಲೆ ಎಡಕ್ಕೇ!”

“ಬಸ್ಸಲ್ಲ ಕಣೇ ಇದು! ಹಿಂದಿನ ಬಾಗಿಲಿಗೆ ಕೇಳಿಸಬೇಕಾಗಿಲ್ಲ.”

“ಅಭ್ಯಾಸ ಅತ್ತೆ. ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ.”

“ಬಂತು,” ಎಂದಳು ದಾರದಮ್ಮ.

ಸೂಜಿ ಮಡಿಕೆಯ ಒಳಗೆ ಹೊಕ್ಕಿತು, ಹಗ್ಗವನ್ನು ಬಳಸಿತು, ಹೊರಬಂತು. ಎರಡು. ಬಂತು. ಮೂರು. ಬಂತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು. ಪಕ್ಕದ ಕನ್ನಡಕದ ಅಂಗಡಿಯವನು ಒಮ್ಮೆ ಇಣುಕಿ ನೋಡಿ ಹೋದ. ಬಿಸಿಲು ಚೌಕಟ್ಟಿನ ಈ ಕಾಲಿನಿಂದ ಆ ಕಾಲಿಗೆ ಸರಿಯುವಷ್ಟರಲ್ಲಿ ನಲವತ್ಮೂರು ಆಗಿತ್ತು.

ಸೊಸೆ ಮುಂದಿನದನ್ನು ಕೈಗೆ ತೆಗೆದುಕೊಂಡು ತೆರೆದಳು. ಆಕೆಯ ದನಿ ತಾನಾಗಿಯೇ ಇಳಿಯಿತು. “ನಲವತ್ನಾಲ್ಕು.”

“ತಡಿ,” ಎಂದರು ಮೇಷ್ಟರು ಕಿಟಕಿಯ ಕಡೆಯಿಂದ. “ಮೊದಲನೇ ಪುಟದ ಮೊದಲನೇ ಸಾಲು. ಎಡಗಡೆ ಬಂದದ್ದೇ ಇನ್ನೊಂದು ಸಲ ಬರ್ತದೆ. ಹುಲ್ಲು ಒಣಗಿತು, ಹೂವು ಬಾಡಿತು, ನಮ್ಮ ದೇವರ ಮಾತು ಮಾತ್ರ ಎಂದೆಂದಿಗೂ ನಿಂತಿತು ಅಂತ ಬರಬೇಕು. ಬಂದಿದೆಯಾ?”

ಸೊಸೆ ಬೆರಳಿಟ್ಟು ನೋಡಿದಳು. “ಬಂದಿದೆ.”

“ಅಕ್ಷರದ ಕಾಲು?”

“ಕೆಳಗೇ ಇದೆ ಮೇಷ್ಟ್ರೇ.”

“ಹಾಗಾದ್ರೆ ಕೊಡು.”

“ತಲೆ ಎಡಕ್ಕೆ,” ಎಂದಳು ಸೊಸೆ.

ದಾರದಮ್ಮ ಮಡಿಕೆಯನ್ನು ತೆಗೆದುಕೊಂಡಳು. ಇಡುವ ಮೊದಲು, ಜೀವಮಾನದಲ್ಲಿ ಮೊದಲ ಸಲ, ತಾನೂ ತೆರೆದು ನೋಡಿದಳು. ನೋಡಿ, ಆಮೇಲೆ ಹೇಳಿದಳು: “ಬಂತು.”

ಭಾನುವಾರ ಚರ್ಚು ತುಂಬಿತ್ತು. ಹೊರಗಿನ ಮೆಟ್ಟಿಲ ಮೇಲೂ ಕುರ್ಚಿ ಹಾಕಿದ್ದರು. ದಾರದಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗಪ್ಪಿಕೊಂಡು ನಡುವಿನ ದಾರಿಯಲ್ಲಿ ಬಂದಳು. ಬೆನ್ನು ಹೊರಗೆ. ತೊಗಲಿಲ್ಲ, ಚಿನ್ನದ ಗೆರೆಯಿಲ್ಲ. ಐದು ಹಗ್ಗಗಳೂ ಎಪ್ಪತ್ತೈದು ಮಡಿಕೆಗಳ ಬಿಳಿ ದಾರವೂ ಬೆತ್ತಲಾಗಿ ಕಾಣುತ್ತಿದ್ದವು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಐದನೆಯ ಸಾಲಿನಲ್ಲಿ ಅಂಟಣ್ಣ ಕತ್ತು ಚಾಚಿದ. ಆಕೆ ಅವನ ಪಕ್ಕದಲ್ಲಿ ಹೆಜ್ಜೆ ನಿಧಾನ ಮಾಡಿದಳು, ಚೆನ್ನಾಗಿ ನೋಡಲಿ.

ಪುಸ್ತಕವನ್ನು ಪೀಠದ ಮೇಲಿಟ್ಟು ಸಭೆಯ ಕಡೆ ತಿರುಗಿದಳು. ಬರೆದುಕೊಂಡು ಬಂದಿರಲಿಲ್ಲ.

“ಹನ್ನೆರಡು ವರ್ಷದ ಹಿಂದೆ ಇದನ್ನ ಹೊಲಿದು, ನನ್ನಂಥೋಳು ಇಲ್ಲ ಅಂದಿದ್ದೆ. ಒಳಗೆ ಹದಿನಾರು ಪುಟ ತಲೆಕೆಳಗೆ ಹೊಲಿದಿದ್ದೆ. ತಿರುವಿ ನೋಡಿರಲಿಲ್ಲ. ಅಷ್ಟೂ ವರ್ಷ ಆ ಪುಟಗಳನ್ನ ನಿಮಗೆ ಓದಿ ಹೇಳಿದ್ದು ಈ ಪುಸ್ತಕ ಅಲ್ಲ. ಅಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದಾರಲ್ಲ, ಅವರು.” ತಲೆಗಳೆಲ್ಲ ಮೇಷ್ಟರ ಕಡೆ ತಿರುಗಿದವು. “ಈಗ ಬಿಚ್ಚಿ ಹೊಲಿದಿದೀನಿ. ಸೊಸೆ ಕೂಗಿದಳು, ಮೇಷ್ಟ್ರು ನೋಡಿದರು. ಅಯ್ಯನೋರೇ, ಆ ಹಿತ್ತಾಳೆ ಫಲಕ ಒಂದು ವರ್ಷ ಕಪಾಟಿನಲ್ಲಿರಲಿ. ಈ ಕೊನೆಯಿಂದ ಆ ಕೊನೆಗೆ ಓದಿ. ಎಲ್ಲಾ ಪುಟ ನೆಟ್ಟಗಿದ್ರೆ ಆಮೇಲೆ ಹೊಡೀರಿ ಮೊಳೆ.”

ಮೆಟ್ಟಿಲ ಮೇಲಿನಿಂದ ಯಾರೋ ನಕ್ಕರು. ಆ ನಗೆ ಒಳಗೂ ಹರಡಿತು, ಅಯ್ಯನವರವರೆಗೂ ಹೋಯಿತು. ಅದು ಆಡಿಕೊಳ್ಳುವ ನಗೆಯಲ್ಲವೆಂಬುದು ಆಕೆಗೆ ತನ್ನ ಜಾಗಕ್ಕೆ ಬಂದು ಕೂರುವಷ್ಟರಲ್ಲಿ ತಿಳಿಯಿತು. ಮೂರನೆಯ ಸಾಲು, ತುದಿ. ಬೆನ್ನು ನೆಟ್ಟಗೆ.

ಸೊಸೆ ಪೀಠದ ಹಿಂದೆ ಹೋಗಿ ನಿಂತಳು. ಬಸ್ಸಿನ ಗದ್ದಲವನ್ನು ದಾಟಿ ಅಭ್ಯಾಸವಾದ ದನಿ. ಅದನ್ನು ಎತ್ತಲೂ ಇಲ್ಲ, ಅದುಮಲೂ ಇಲ್ಲ. ಎಡಗಡೆಯ ಪುಟ ಮುಗಿಸಿ ಬಲಗಡೆಗೆ ಬಂದಳು, ಎಲ್ಲೂ ನಿಲ್ಲಲಿಲ್ಲ. ದೇವರು ಬೆಟ್ಟಗಳನ್ನು ತಕ್ಕಡಿಯಲ್ಲಿ ತೂಗಿದ್ದು, ನಕ್ಷತ್ರಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದದ್ದು, ಎಲ್ಲವೂ ಬಂದವು. ದಾರದಮ್ಮ ಪುಸ್ತಕದ ಬೆನ್ನನ್ನು ನೋಡುವುದನ್ನು ಮರೆತು ಕೇಳುತ್ತಿದ್ದಳು. ಪುಟದ ಅಡಿಯಲ್ಲಿ, ಹರೆಯದವರೂ ದಣಿದು ಎಡವಿ ಬೀಳುವರು ಎಂಬಲ್ಲಿಗೆ ಓದು ಬಂತು.

ಮುಂದಿನ ಬೆಂಚಿನಲ್ಲಿ ಮೇಷ್ಟರ ಬಲಗೈ ಮಂಡಿಯಿಂದ ಎದ್ದಿತು. ಸೊಸೆಯ ಕೈ ಪುಟದ ಮೂಲೆಗೆ ಹೋಗುವ ಮೊದಲೇ ಅದು ಗಾಳಿಯಲ್ಲಿ ದೊಡ್ಡ ಹಾಳೆಯೊಂದನ್ನು ನಿಧಾನವಾಗಿ ತಿರುವಿ, ಅಂಗೈಯಿಂದ ಅದನ್ನು ಒಮ್ಮೆ ನೀವಿ, ಮತ್ತೆ ಮಂಡಿಯ ಮೇಲೆ ಬಂದು ಕುಳಿತಿತು.